ನಾನು ಓದದೆ ಮಡಚಿದ ಹಾಳೆಗಳು

ನನ್ನ ತಮ್ಮ ಮೂರು ವರ್ಷ ನಮ್ಮ ಸಂಘದ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ. ಅವನನ್ನು ಮುಂದುವರಿಸಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವ ಸಭೆಯಲ್ಲಿ, ಅವನ ಪರವಾಗಿ ಮಾತಾಡಬಹುದಾಗಿದ್ದ ಕಾಗದವೆಲ್ಲ ನನ್ನ ಕೈಯಲ್ಲಿತ್ತು. ನಾನು ಅದನ್ನು ಓದಲಿಲ್ಲ. ಈ ಮಾತನ್ನು ಇಂದಿನವರೆಗೆ ನನ್ನ ಗಂಡನಿಗೂ ಹೇಳಿಲ್ಲ.

ನಾನು ಹೆಚ್ಚು ಕಲಿತವಳಲ್ಲ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಅಮ್ಮನ ಪಕ್ಕದಲ್ಲಿ ಬೀಡಿ ಕಟ್ಟಲು ಕೂತವಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಒಂದು ಕಡಿಮೆಯಾದರೂ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವನು ಎಲ್ಲರೆದುರು ಕಟ್ಟು ಬಿಚ್ಚಿ ಮುಖದ ಮುಂದೆ ಹಿಡಿಯುತ್ತಿದ್ದ. ಹಾಗಾಗಿ ಎಣಿಕೆಯಲ್ಲಿ ಮಾತ್ರ ನಾನು ತಪ್ಪುವುದಿಲ್ಲ. ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ ಅದೇ ಮನೆಯಲ್ಲಿ ಕಾಲೇಜಿನವರೆಗೆ ಓದಿದ, ಕಾಲೇಜಿನ ತಂಡದಲ್ಲಿ ಆಡಿದ, ಮೊಣಕಾಲಿಗೆ ಪೆಟ್ಟಾದ ಮೇಲೆ ಆಡುವುದು ಬಿಟ್ಟ. ಅವನ ಓದಿಗಾಗಿ ನಾನು ಕೂತೆ ಎಂದು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಮನಸ್ಸಿನಲ್ಲಿ ಅದು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮದುವೆಯಾಗಿ ಒಮಾನಿಗೆ ಬಂದು ಅಲ್ ಹೈಲ್‌ನಲ್ಲಿ ಮನೆ ಮಾಡಿದೆವು. ನನ್ನ ಗಂಡ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕರಾವಳಿಯವರ ಸಂಘದ ತಂಡಕ್ಕೆ ಗಂಡನೇ ಕ್ಯಾಪ್ಟನ್, ಏಳು ನಂಬರಿನ ಅಂಗಿ. ಶುಕ್ರವಾರ ಸಂಜೆ ಬಾಡಿಗೆಯ ಅಂಗಳದಲ್ಲಿ ಮ್ಯಾಚು. ಒಮ್ಮೆ ಸ್ಕೋರು ಬರೆಯುವವರು ರಜೆಯಲ್ಲಿ ಊರಿಗೆ ಹೋದಾಗ ನನ್ನನ್ನು ಮೇಜಿನ ಹಿಂದೆ ಕೂರಿಸಿದರು. ಬುಟ್ಟಿಗೆ ಬಿದ್ದರೆ ಅಂಕಿಯ ಮೇಲೆ ಓರೆಗೀರು, ಫ್ರೀ ಥ್ರೋ ಆದರೆ ಕಪ್ಪು ಚುಕ್ಕೆ, ಐದು ಫೌಲಾದರೆ ಹೊರಗೆ. ಎರಡು ವಾರದಲ್ಲಿ ಕಲಿತೆ. ಊರಿಗೆ ಹೋದವರು ಬಂದ ಮೇಲೂ ಆ ಕೆಲಸ ನನ್ನಲ್ಲೇ ಉಳಿಯಿತು. ಹಾಳೆಗಳನ್ನು ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿ, ನೂಲುಂಡೆಗಳ ಕೆಳಗೆ ಇಡುತ್ತಿದ್ದೆ.

ತಂಡಕ್ಕೆ ವಯಸ್ಸಾಯಿತು. ಇಬ್ಬರು ಊರಿಗೆ ಮರಳಿದರು, ಉಳಿದವರಿಗೆ ಹೊಟ್ಟೆ ಬಂತು, ನನ್ನ ಗಂಡನಿಗೆ ನಲವತ್ತನಾಲ್ಕಾಯಿತು. ಕಪಾಟಿನಲ್ಲಿದ್ದ, ಗೆದ್ದು ತಂದ ಕಪ್ಪುಗಳೆಲ್ಲ ಹಳೆಯವು. ಆಗ ಸಂಘದವರು, ಅಷ್ಟರಲ್ಲಿ ಕೆಲಸಕ್ಕೆಂದು ಒಮಾನಿಗೇ ಬಂದಿದ್ದ ನನ್ನ ತಮ್ಮನನ್ನು ಕರೆದು ತಂಡವನ್ನು ಹೊಸದಾಗಿ ಕಟ್ಟಿಕೊಡು ಎಂದರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂಬುದೆಲ್ಲ ಅವನದೇ. ಅವನು ಒಂದೇ ಮಾತು ಕೇಳಿದ: ಮೂರು ವರ್ಷ ಬೇಕು, ನಡುವೆ ಕಪ್ಪು ಕೇಳಬೇಡಿ. ಎಲ್ಲರೂ ಒಪ್ಪಿದರು.

ಮೊದಲ ಪಟ್ಟಿ ಬಂದದ್ದು ನಮ್ಮ ಮನೆಯಲ್ಲೇ, ಊಟದ ಹೊತ್ತಿಗೆ. ಪ್ರತಿ ಶುಕ್ರವಾರ ಅವನು ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಅವತ್ತು ಬಂಗುಡೆ ಸಾರು. ಅವನು ಕೂತು ಎರಡು ತುತ್ತು ತಿಂದಿರಬಹುದು, ನನ್ನ ಗಂಡನ ಫೋನು ಸದ್ದು ಮಾಡಿತು. ತಂಡದ ಗ್ರೂಪಿನಲ್ಲಿ ಪಟ್ಟಿ. ಹಳಬರಲ್ಲಿ ಆರು ಜನರ ಹೆಸರು ಇರಲಿಲ್ಲ. ಆ ಆರರಲ್ಲಿ ನನ್ನ ಗಂಡನದೂ ಒಂದು.

"ಭಾವ, ಲಿಸ್ಟ್ ಹಾಕಿದ್ದೇನೆ" ಎಂದ ತಮ್ಮ, ತಟ್ಟೆ ನೋಡುತ್ತಾ.

"ನೋಡಿದೆ" ಎಂದರು ನನ್ನ ಗಂಡ. ಊಟ ಪೂರ್ತಿ ಮಾಡಿದರು. ಕೈ ತೊಳೆದುಕೊಂಡು ಬಂದು, "ಆರು ಜನರನ್ನು ಒಂದೇ ಸಲ ತೆಗೆದಿಯಲ್ಲ ಮಾರಾಯ, ಧೈರ್ಯ ಉಂಟು ನಿನಗೆ" ಎಂದು ನಕ್ಕರು. ಅದು ನಗುವಲ್ಲ ಎಂದು ನಾನು ಅಂದುಕೊಂಡೆ. ಅಷ್ಟು ವರ್ಷ ಕ್ಯಾಪ್ಟನ್ ಆಗಿದ್ದ ಭಾವನಿಗೆ ಒಂದು ದಿನ ಮೊದಲು ಎದುರು ಕೂತು ಹೇಳಬಾರದಿತ್ತೇ? ಅದು ತಮ್ಮನ ತಪ್ಪು. ಈಗಲೂ ತಪ್ಪೇ ಎನ್ನುತ್ತೇನೆ. ಆದರೆ ಅವನ ಆ ಒಂದು ತಪ್ಪನ್ನು ನಾನು ಮೂರು ವರ್ಷ ಒಗೆದು ಒಣಗಿಸಿ ಇಸ್ತ್ರಿ ಹಾಕಿ ಇಟ್ಟುಕೊಂಡೆ.

ಮುಂದಿನ ವಾರ ತಮ್ಮ ಆ ಏಳು ನಂಬರಿನ ಅಂಗಿ ತಂದು, ಹೊಸಬನಿಗೆ ಹಿಡಿಸಿ ಕೊಡು ಎಂದ. ಗಂಡನ ಅಂಗಿಯ ಬದಿಯನ್ನು ಬಿಚ್ಚಿ ಎರಡು ಬೆರಳು ಒಳಗೆ ತೆಗೆದು ಹೊಲಿದೆ. ಆ ಹೊಸಬ ಅರ್ಧ ಸೀಸನ್‌ಗೆ ದುಬೈಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಅಂಗಿ ಮತ್ತೆ ಬಂತು.

ಮೊದಲ ವರ್ಷ ಎಂಟಕ್ಕೆ ಎಂಟೂ ಸೋತೆವು. ಮೊದಲ ಮ್ಯಾಚು ನಲವತ್ತೊಂದು ಪಾಯಿಂಟಿನಿಂದ. ಹಳೆಯ ಆಟಗಾರರು ಈಗ ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂರುತ್ತಿದ್ದರು. ಅವರಲ್ಲೊಬ್ಬರು ನನ್ನ ಮೇಜಿನ ಹತ್ತಿರ ಬಂದು, "ಮ್ಯಾನೇಜರನ ಅಕ್ಕ, ಇವತ್ತು ಎರಡು ಹಾಳೆ ತಂದಿದ್ದೀರಾ? ಎದುರಿನವರದ್ದು ಬರೆಯಲಿಕ್ಕೆ ಒಂದು ಸಾಕಾಗ್ಲಿಕ್ಕಿಲ್ಲ" ಎಂದರು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ತಮ್ಮ ಬೆಂಚಿನ ತುದಿಯಲ್ಲಿ ಕೈಕಟ್ಟಿ ನಿಂತಿದ್ದ. ಕೇಳಿಸಿರಬೇಕು.

ಎರಡನೆಯ ವರ್ಷ ನನ್ನ ಗಂಡನನ್ನು ಕಂಪೆನಿ ದೂರದ ದುಕ್ಮ್‌ಗೆ ಹಾಕಿತು. ಅಲ್ಲಿ ಕ್ಯಾಂಪಿನಲ್ಲಿ ವಾಸ, ಹದಿನೈದು ದಿನಕ್ಕೊಮ್ಮೆ ಕಂಪೆನಿ ಬಸ್ಸಿನಲ್ಲಿ ಮನೆಗೆ. ಬಂದರೂ ಮನೆಯಲ್ಲಿ ಆಟದ ಮಾತು ಎತ್ತುತ್ತಿರಲಿಲ್ಲ. ಬೇಸರ ಆರಿಲ್ಲ ಎಂದು ತಿಳಿದು ನಾನೂ ಎತ್ತಲಿಲ್ಲ. ಅದೇ ವರ್ಷ ತಮ್ಮ ದುಕ್ಮ್‌ನಿಂದಲೇ ಒಬ್ಬ ಉದ್ದನೆಯ ವೆಲ್ಡರನ್ನು ಹುಡುಕಿ ತಂದ. ಮಂಜೇಶ್ವರದ ಕಡೆಯವನು, ಇಪ್ಪತ್ತೈದು ದಾಟಿದ ಪ್ರಾಯ, ಮ್ಯಾಚಿಗೆ ಮಾತ್ರ ಅಲ್ಲಿಂದ ಬಂದು ಹೋಗುತ್ತಿದ್ದ; ಗ್ಯಾಲರಿಯ ಹಳಬರು ಅವನನ್ನು ತೆಂಗಿನಮರ ಎನ್ನುತ್ತಿದ್ದರು. ಚೆಂಡು ಕೈಗೆ ಬಂದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಏಳು ನಂಬರಿನ ಅಂಗಿಯನ್ನು ಅವನಿಗಾಗಿ ಮತ್ತೆ ದೊಡ್ಡದು ಮಾಡಿದೆ.

ಆ ವರ್ಷ ಒಂದು ಗೆದ್ದೆವು. ಮೂರನೆಯ ವರ್ಷ ಎರಡು.

ಆದರೆ ಬರೆಯುವವಳಿಗೆ ಬೇರೆಯದೂ ಕಾಣುತ್ತದೆ. ಮೊದಲ ವರ್ಷ ಎದುರಿನವರ ಗೀರುಗಳು ಹಾಳೆಯ ಕೆಳತುದಿಗೆ ತಲುಪುವಾಗ ನಮ್ಮವು ಅರ್ಧದಲ್ಲೇ ನಿಂತಿರುತ್ತಿದ್ದವು. ಮೂರನೆಯ ವರ್ಷದಲ್ಲಿ ಎರಡೂ ಕಡೆಯ ಗೀರುಗಳು ಜೊತೆಜೊತೆಯಾಗಿ ಇಳಿಯತೊಡಗಿದವು. ಆರು ಸೋಲಿನಲ್ಲಿ ಯಾವುದೂ ಏಳು ಪಾಯಿಂಟು ದಾಟಿರಲಿಲ್ಲ. ಎರಡು ಸೋಲು ಒಂದೇ ಒಂದು ಪಾಯಿಂಟಿನವು. ಮೊದಲು ಕೊನೆಯ ಕ್ವಾರ್ಟರಿನಲ್ಲಿ ನಮ್ಮವರಿಗೆ ಉಸಿರೇ ಇರುತ್ತಿರಲಿಲ್ಲ. ಈಗ ಕೊನೆಯ ಕ್ವಾರ್ಟರೊಂದನ್ನೇ ತೆಗೆದುಕೊಂಡರೆ ಹೆಚ್ಚಿನ ಮ್ಯಾಚುಗಳಲ್ಲಿ ನಮ್ಮವರೇ ಮುಂದು. ಒಂದು ಶುಕ್ರವಾರ ಮಧ್ಯಾಹ್ನ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಇದನ್ನು ತಮ್ಮನಿಗೆ ತೋರಿಸಿದೆ. ಅವನು ಮೊಣಕಾಲು ನೋವಿನಲ್ಲೂ ನೆಲಕ್ಕೆ ಕೂತು ಒಂದೊಂದನ್ನೇ ನೋಡಿದ.

"ಅಕ್ಕ, ಇದನ್ನು ನೀನು ಮೀಟಿಂಗಿನಲ್ಲಿ ಓದಿದರೆ ಸಾಕು" ಎಂದ. "ನಾನು ಎಂತದೂ ಹೇಳುವುದು ಬೇಡ. ಇನ್ನೊಂದು ವರ್ಷ ಸಿಕ್ಕಿದರೆ ಇವರು ಗೆಲ್ಲುತ್ತಾರೆ."

ಓದುತ್ತೇನೆ ಎಂದೆ.

ನಮ್ಮ ಸಂಘದಲ್ಲಿ ಒಂದು ಪದ್ಧತಿ ಇದೆ. ಮ್ಯಾನೇಜರನ ವಿಷಯ ಬಂದಾಗ ಅವನ ಸಂಬಂಧಿಕರು ಕೈ ಎತ್ತುವಂತಿಲ್ಲ. ಆದರೆ ಕೈ ಎತ್ತುವ ಮೊದಲು ಸ್ಕೋರು ಬರೆದವರು ಎದ್ದು ನಿಂತು ಪ್ರತಿ ಮ್ಯಾಚಿನ ಎರಡೂ ಕಡೆಯ ಪಾಯಿಂಟನ್ನು ಓದಬೇಕು. ಹಾಗಾಗಿ ಅವತ್ತು ನನಗೆ ಇದ್ದ ಒಂದೇ ಅಧಿಕಾರ ಓದುವುದು.

ಸಭೆಗೆ ಹೊರಡುವ ಮೊದಲು ನನ್ನ ಗಂಡನಿಗೆ ಫೋನ್ ಮಾಡಿದೆ. ಸ್ಟೋರಿನಲ್ಲಿ ಮಾಲು ಇಳಿಯುತ್ತಿತ್ತು, ಗದ್ದಲ. ಇವತ್ತು ತಮ್ಮನದು ತೀರ್ಮಾನವಾಗುತ್ತದೆ ಎಂದೆ. "ಆಗಲಿ, ಆಗಲಿ" ಎಂದು ಇಟ್ಟರು. ಆ ಎರಡು ಮಾತಿಗೆ ನಾನೇ ಒಂದು ಅರ್ಥ ಹೊಲಿದೆ. ದಾರಿಯುದ್ದಕ್ಕೂ ಬಂಗುಡೆ ಸಾರಿನ ಆ ಮಧ್ಯಾಹ್ನವೇ ಕಣ್ಣ ಮುಂದೆ. ಗಂಡನ ಅಂಗಿಯನ್ನು ನನ್ನ ಕೈಯಿಂದಲೇ ಬಿಚ್ಚಿಸಿದ ತಮ್ಮನನ್ನು ಉಳಿಸಲು ನಾನೇ ಎದ್ದು ನಿಲ್ಲಬೇಕೇ ಎನಿಸಿತು. ತಂಡದಿಂದ ತೆಗೆದುಹಾಕಿಸಿಕೊಂಡ ಉಳಿದ ಐದು ಮನೆಗಳವರೂ ಸಭೆಯ ಮುಂದಿನ ಸಾಲಿನಲ್ಲಿದ್ದರು. ತಮ್ಮನ ಪರ ಮಾತಾಡಿದಳು ಎನಿಸಿಕೊಳ್ಳುವ ಅಂಜಿಕೆಯೂ ಇತ್ತು.

ನಮ್ಮ ಅಧ್ಯಕ್ಷರು ಸುವೈಕ್‌ನಲ್ಲಿ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರು, ತಮಾಷೆಯ ಮನುಷ್ಯ. ನನ್ನ ಕೈಯ ಹಾಳೆಗಳ ದಪ್ಪ ನೋಡಿ, "ಇಷ್ಟನ್ನೂ ಓದಿದರೆ ನೈಚೋರು ತಣಿದು ಕಲ್ಲಾಗ್ತದೆ ತಂಗಿ. ಎಷ್ಟು ಗೆದ್ದದ್ದು, ಎಷ್ಟು ಸೋತದ್ದು, ಅಷ್ಟು ಹೇಳಿ. ಖಲಾಸ್" ಎಂದರು. ಹಿಂದೆ ಊಟದ ಮೇಜಿನಿಂದ ತುಪ್ಪದನ್ನದ ಪರಿಮಳ ಬರುತ್ತಿತ್ತು. ಎಲ್ಲರೂ ನಕ್ಕರು.

ಇಲ್ಲ, ಪದ್ಧತಿಯಂತೆ ಪೂರ್ತಿ ಓದುತ್ತೇನೆ ಎಂದಿದ್ದರೆ ಅವರು ಬೇಡ ಎನ್ನುತ್ತಿರಲಿಲ್ಲ. ಅಂಥವರಲ್ಲ ಅವರು.

"ಮೂರು ಗೆದ್ದಿದ್ದೇವೆ. ಇಪ್ಪತ್ತೊಂದು ಸೋತಿದ್ದೇವೆ" ಎಂದೆ.

ಎಣಿಕೆ ಸರಿಯಾಗಿತ್ತು. ತಮ್ಮ ನನ್ನನ್ನೇ ನೋಡುತ್ತಿದ್ದ. ನಾನು ಹಾಳೆ ತಿರುಗಿಸುತ್ತೇನೆ ಎಂದು ಕಾಯುತ್ತಿದ್ದ. ನಾನು ಹಾಳೆಗಳನ್ನು ನಡುವೆ ಮಡಚಿ ಚೀಲಕ್ಕೆ ಹಾಕಿ ಕೂತೆ. ಅವನು ಮತ್ತೂ ಒಂದು ಗಳಿಗೆ ನೋಡಿದ. ಆಮೇಲೆ ತಲೆ ತಗ್ಗಿಸಿ ತನ್ನ ಶೂ ದಾರ ಸರಿಮಾಡಿಕೊಂಡ. ಕೈಗಳು ಎದ್ದವು. ಅವನನ್ನು ತೆಗೆದರು. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಅವನು ಎಲ್ಲರ ಜೊತೆ ಕೂತು ಊಟ ಮಾಡಿದ, ನನಗೆ ಒಂದು ಲೋಟ ನೀರು ತಂದುಕೊಟ್ಟು ಹೋದ.

ಶುಕ್ರವಾರದ ಊಟಕ್ಕೆ ಬರುವುದನ್ನು ಅವನು ಒಮ್ಮೆಲೇ ನಿಲ್ಲಿಸಲಿಲ್ಲ. ಎರಡು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು. ಸುವೈಕ್‌ನಲ್ಲಿ ಕಟ್ಟಡ ಸಾಮಾನಿನ ಒಂದು ಕಚೇರಿಯಲ್ಲಿ ಕೆಲಸ ಹಿಡಿದು ಅಲ್ಲಿಗೇ ಹೋದ. ದೂರ ಆಯ್ತಲ್ಲ ಅಕ್ಕ ಎನ್ನುತ್ತಿದ್ದ ಫೋನಿನಲ್ಲಿ. ಸುವೈಕ್ ಅಷ್ಟು ದೂರವಿಲ್ಲ.

ಮುಂದಿನ ಸೀಸನ್‌ಗೆ ಹೊಸ ಮ್ಯಾನೇಜರ್ ಬಂದರು. ಒಳ್ಳೆಯವರು, ಯಾರನ್ನೂ ತೆಗೆಯಲಿಲ್ಲ, ಯಾರನ್ನೂ ತರಲಿಲ್ಲ. ಅದೇ ಹುಡುಗರು ಎಂಟರಲ್ಲಿ ಏಳು ಗೆದ್ದು ಕಪ್ಪು ತಂದರು. ಕೊನೆಯ ಮ್ಯಾಚಿನಲ್ಲಿ ನಮ್ಮ ತೆಂಗಿನಮರ ಬುಟ್ಟಿಯ ಕೆಳಗೆ ಯಾರನ್ನೂ ನಿಲ್ಲಗೊಡಲಿಲ್ಲ. ಏಳು ನಂಬರಿನ ಎದುರು ಗೀರು ಹಾಕಿ ಹಾಕಿ ನನ್ನ ಪೆನ್ನಿನ ಶಾಯಿ ಮುಗಿಯಿತು. ಹೊಸ ಮ್ಯಾನೇಜರಿಗೆ ಶಾಲು ಹೊದಿಸುವಾಗ ತಟ್ಟೆ ಹಿಡಿಯಲು ನನ್ನನ್ನೇ ಕರೆದರು. ಹಿಡಿದೆ. ಹಳೆಯ ಆಟಗಾರರೂ ಎದ್ದು ಚಪ್ಪಾಳೆ ತಟ್ಟಿದರು. ನನ್ನ ತಮ್ಮನ ಹೆಸರನ್ನು ಅವತ್ತು ಯಾರೂ ಎತ್ತಲಿಲ್ಲ, ತಟ್ಟೆ ಹಿಡಿದು ನಿಂತ ನಾನೂ ಎತ್ತಲಿಲ್ಲ.

ಆ ಮ್ಯಾಚಿಗೆ ನನ್ನ ಗಂಡ ರಜೆ ಹಾಕಿ ಬಂದಿದ್ದರು. ಮನೆಗೆ ಮರಳುವಾಗ ಕಾರಿನಲ್ಲಿ, "ಆ ಹುಡುಗನನ್ನು ಗುರುತಿಸಿದ ನಿನ್ನ ತಮ್ಮನ ಕಣ್ಣು ನೋಡು" ಎಂದರು. ವೆಲ್ಡರನನ್ನು ತಮ್ಮ ಆರಿಸಿದ ದಿನವೇ ಇವರಿಗೆ ಫೋನ್ ಮಾಡಿದ್ದನಂತೆ. ಭಾವ, ನೀವು ಅದೇ ಕ್ಯಾಂಪಿನಲ್ಲಿ ಇದ್ದೀರಿ, ಇವನಿಗೆ ನೀವೇ ಕಲಿಸಿ ಕೊಡಬೇಕು, ನಿಮ್ಮಷ್ಟು ಗೊತ್ತಿದ್ದವರು ಬೇರೆ ಯಾರೂ ಇಲ್ಲ ಎಂದಿದ್ದನಂತೆ. ಪಟ್ಟಿಯನ್ನು ಮೊದಲೇ ಹೇಳದ್ದಕ್ಕೆ ಅವತ್ತೇ ಕ್ಷಮೆಯನ್ನೂ ಕೇಳಿದ್ದನಂತೆ. ಅವತ್ತಿನಿಂದ ಪ್ರತಿ ಸಂಜೆ ಡ್ಯೂಟಿ ಮುಗಿಸಿ ಇವರೂ ಆ ಹುಡುಗನೂ ಕ್ಯಾಂಪಿನ ಹಿಂದೆ, ಕಂಬಕ್ಕೆ ಕಬ್ಬಿಣದ ರಿಂಗು ಬೆಸೆದುಕೊಂಡು, ಆಡಿದ್ದರು. ರಿಂಗು ಬೆಸೆದದ್ದು ಆ ವೆಲ್ಡರನೇ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಯಾರಾದರೂ ಆಟದ ಸುದ್ದಿ ಎತ್ತಿದರೆ ನೀನು ಮುಖ ಗಂಟು ಹಾಕ್ತಿದ್ದೆ. ನಿನಗೇ ಬೇಸರ ಉಂಟು ಅಂತ ನಾನು ಸುಮ್ಮನಾದೆ. ನಲವತ್ತನಾಲ್ಕರಲ್ಲಿ ನನ್ನನ್ನು ತೆಗೆಯದಿದ್ದರೆ ಅವನು ಎಂತ ಮ್ಯಾನೇಜರ್ ಮಾರಾಯ್ತಿ?" ಸ್ವಲ್ಪ ದೂರ ಹೋದ ಮೇಲೆ ಅವರೇ ಕೇಳಿದರು: "ನೀನು ಅವತ್ತು ಎಲ್ಲಾ ಹಾಳೆ ಓದಿದೆಯಲ್ಲ? ಆದರೂ ತೆಗೆದರಾ ಇವರು?"

ಓದಿದೆ ಎಂದೆ. ಸಭೆಯಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಕಾರಿನಲ್ಲಿ ಹೇಳಿದೆ.

ಆಮೇಲಿನ ವಾರ ಹಾಳೆಗಳನ್ನೆಲ್ಲ ಒಂದು ಲಕೋಟೆಗೆ ಹಾಕಿ ಸುವೈಕ್‌ಗೆ ಹೋದೆ. ತಮ್ಮ ಚಹಾ ತರಿಸಿದ. ಲಕೋಟೆ ಮುಂದಿಟ್ಟು, ತಪ್ಪು ಮಾಡಿದೆ ಎಂದೆ. ಯಾಕೆ ಮಾಡಿದೆ ಎಂಬುದನ್ನೂ ಹೇಳಿದೆ. ಬೀಡಿಯ ವಿಷಯವನ್ನೂ ಹೇಳಿದೆ, ಅದೂ ಇದರಲ್ಲಿ ಸೇರಿತ್ತು ಎಂದು ಹೇಳುವಾಗಲೇ ನನಗೆ ಗೊತ್ತಾಯಿತು. ಅವನು ಲಕೋಟೆ ತೆರೆಯಲಿಲ್ಲ, ನನ್ನ ಕಡೆಗೇ ಮೆಲ್ಲನೆ ಸರಿಸಿದ.

"ಇದು ನನಗೆ ಗೊತ್ತುಂಟಲ್ಲ ಅಕ್ಕ" ಎಂದ. "ಗೊತ್ತಿಲ್ಲದವರಿಗೆ ಓದಬೇಕಿತ್ತು."

ಕೋಪದಲ್ಲಿ ಹೇಳಲಿಲ್ಲ. ಚಹಾ ತಣಿಯುತ್ತದೆ, ಕುಡಿ ಎಂದ. ಬಸ್ಸಿನವರೆಗೆ ಬಂದು ಹತ್ತಿಸಿದ. ಶುಕ್ರವಾರ ಊಟಕ್ಕೆ ಬಾ ಎಂದೆ, ನೋಡುವ ಎಂದ.

ತಂಡ ಕಟ್ಟುವವನನ್ನು ಹೇಗೆ ಅಳೆಯಬೇಕೆಂದು ಹೇಳುವಷ್ಟು ನಾನು ಕಲಿತಿಲ್ಲ. ಹೊಲಿಯುವವಳಿಗೆ ಗೊತ್ತಿರುವುದಿಷ್ಟು: ಅಂಗಿ ಇನ್ನೂ ಮೆಷಿನಿನ ಮೇಲಿರುವಾಗ, ತೋಳು ಕೂಡಿಸುವ ಮೊದಲು ಕಿತ್ತುಕೊಂಡು, ಇದು ಅಂಗಿಯಂತೆ ಕಾಣುವುದಿಲ್ಲ ಎನ್ನಬಾರದು. ಗೆದ್ದ ವರ್ಷ ಶಾಲು ಯಾರಿಗೆ ಸಿಕ್ಕಿತು ಎಂಬುದಕ್ಕಿಂತ, ಅಂಗಳಕ್ಕೆ ಇಳಿದ ಹುಡುಗರನ್ನು ಯಾರು, ಎಷ್ಟು ಬೈಗುಳ ತಿಂದು ಅಲ್ಲಿಗೆ ತಂದರು ಎಂದು ಕೇಳಬೇಕಿತ್ತು. ಅದಕ್ಕೆ ಉತ್ತರ ನನ್ನ ಚೀಲದಲ್ಲಿತ್ತು.

ನಮ್ಮ ಸಂಘದವರು ಇದನ್ನು ಓದಿದರೆ ಓದಲಿ. ಮೊದಲು ಓದಬೇಕಾದವರು ನನ್ನ ಗಂಡ. ಲಕೋಟೆಯಿಂದ ಹಾಳೆಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಮಡಚಿದ ಗೆರೆ ಎಷ್ಟು ಸವರಿದರೂ ಹೋಗುತ್ತಿಲ್ಲ, ಅಂಕಿಗಳು ಮಾತ್ರ ಸರಿಯಾಗಿ ಕಾಣುತ್ತವೆ. ಮೊದಲ ವರ್ಷ, ಮೊದಲ ಮ್ಯಾಚು: ಎದುರಿನವರು ಎಪ್ಪತ್ತೆಂಟು, ನಾವು ಮೂವತ್ತೇಳು. ಮೂರನೆಯ ವರ್ಷ, ಕೊನೆಯ ಮ್ಯಾಚು: ಎದುರಿನವರು ಅರವತ್ತನಾಲ್ಕು, ನಾವು ಅರವತ್ತಮೂರು. ನಡುವೆ ಇನ್ನೂ ಇಪ್ಪತ್ತೆರಡು ಹಾಳೆಗಳಿವೆ. ಬರುವ ಸಭೆಯಲ್ಲಿ ಯಾರು ಊಟ ತಣಿಯುತ್ತದೆ ಎಂದರೂ ಎದ್ದು ನಿಂತು ಓದಬೇಕು ಎಂದುಕೊಂಡಿದ್ದೇನೆ. ಅವನು ಆ ಸಭೆಗೆ ಬರುವುದಿಲ್ಲ ಎಂದು ಗೊತ್ತು.