ಅತ್ತೆಯ ವರ್ತಿ ನೀರು

ಬನಹಟ್ಟಿಯಲ್ಲಿ ನಮ್ಮ ಓಣಿಯ ಬಾವಿಯ ನೀರು ಸವುಳು. ಆ ನೀರಲ್ಲಿ ಬೇಳೆ ಇಟ್ಟರೆ ಕಟ್ಟಿಗೆ ಸುಟ್ಟು ಬೂದಿಯಾಗುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ನನ್ನ ಅತ್ತೆ ಅಡುಗೆಗೆ ಹಳ್ಳದ ನೀರನ್ನೇ ತರುತ್ತಿದ್ದರು. ಹಳ್ಳದ ಉಸುಕಿನಲ್ಲಿ ಮೊಣಕೈಯಷ್ಟು ಆಳ ತೋಡಿದರೆ ತಳದಲ್ಲಿ ನೀರು ಜಿನುಗುತ್ತದೆ. ಅದಕ್ಕೆ ವರ್ತಿ ಅನ್ನುತ್ತೇವೆ. ಹತ್ತಾರು ಮನೆಯವರ ವರ್ತಿಗಳಿದ್ದರೂ ಅತ್ತೆಗೆ ತಮ್ಮದೇ ಸಿಹಿ. ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬಿಸುವಷ್ಟರಲ್ಲಿ ಊರ ಸುದ್ದಿಯೆಲ್ಲ ಮುಗಿದಿರುತ್ತಿತ್ತು. ಆ ನೀರಿನ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ನಾನು ಗಲಗಲಿಯವಳು, ಕೃಷ್ಣೆಯ ದಂಡೆಯಲ್ಲಿ ಬೆಳೆದವಳು. ನೀರು ದಂಡಿಯಾಗಿ ಚೆಲ್ಲಿದರೆ ಅತ್ತೆ ಕೆಣಕುತ್ತಿದ್ದರು: "ನೋಡ್ರಿ ನಮ್ಮ ಸೊಸೀನ, ತವರಮನಿಯಿಂದ ಹೊಳೀನೂ ಗಂಟ ಕಟಗೊಂಡ ಬಂದಾಳ!"

ಮನೆಯ ಹಿಂದೆ ಹಳ್ಳದವರೆಗೂ ಇಳಿಜಾರು, ಅದರ ತುಂಬ ಕರಿಕೆ ಹುಲ್ಲು. ಕುರಿ ಕಾಯುವವರು ಅಲ್ಲಿ ಹಿಂಡು ಬಿಟ್ಟು ನಮ್ಮ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚುತ್ತಿದ್ದರು. ಎಂಥ ಮಳೆ ಬಂದರೂ ನೀರು ಹುಲ್ಲಿನಲ್ಲಿ ನಿಂತು ನಿಂತು ಇಳಿಯುತ್ತಿತ್ತು. "ಮಳಿ ಮೊದಲ ಹುಲ್ಲಿಗೆ ಕುಡಸ್ತೈತಿ, ಉಳದದ್ದ ಹಳ್ಳಕ್ಕ ಕೊಡತೈತಿ" ಎನ್ನುತ್ತಿದ್ದರು ಅತ್ತೆ.

ನೇಯ್ಗೆ ನಮ್ಮ ಮನೆತನದ ಕಸುಬು. ಸೀರೆಗೆ ಗಿರಾಕಿ ಹೆಚ್ಚಾದಾಗ ನಮ್ಮ ಮನೆಯವರು ನೂಲಿಗೆ ಬಣ್ಣ ಹಾಕುವುದನ್ನೂ ಶುರುಮಾಡಿದರು. ಕರಿಕೆ ಕಿತ್ತು ಇಳಿಜಾರಿಗೆಲ್ಲ ಫರಸಿ ಕಲ್ಲು ಹಾಸಿದರು. ಕುಂಕುಮ ಬಣ್ಣದ ನೂಲಿನ ಲಡಿಗಳು ಬಿಸಿಲಿಗೆ ಸಾಲಾಗಿ ತೂಗುವುದನ್ನು ನೋಡಿದರೆ ನನಗೆ ಹಬ್ಬ. ಫರಸಿಯ ಮೇಲೆ ಚೆಲ್ಲಿದ ಬಣ್ಣದ ಪುಡಿಯನ್ನು ಗುಡಿಸಿ ತೆಗೆಯುವುದು ಮಾತ್ರ ನನ್ನ ಪಾಲಿನ ಕೆಲಸ, ಅದಕ್ಕೆ ನನಗೆ ಮಹಾ ಬೇಸರ.

"ಫರಸಿ ಕಸಾ ಬಳದಿ ಏನ ಬೇ?" ಅತ್ತೆ ಒಂದು ದಿನ ಕೇಳಿದರು.

"ಮೋಡ ಕಟ್ಟೇತ್ರಿ ಅತ್ಯಾರ. ಮಳೀನ ತೊಳಿತೈತಿ, ಬಿಡ್ರಿ."

ಹೊಳೆ ದಂಡೆಯವಳ ಬುದ್ಧಿ ಅದು. ನೀರು ಒಯ್ದದ್ದು ತಿರುಗಿ ಮನೆಗೆ ಬರುವುದಿಲ್ಲ ಅಂತ ನಂಬಿದ್ದೆ. ಅವತ್ತೇ ಮಧ್ಯಾಹ್ನ ವರ್ಷದ ಮೊದಲ ದೊಡ್ಡ ಮಳೆ ಸುರಿಯಿತು. ಫರಸಿ ಕನ್ನಡಿಯಂತಾಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಹಳ್ಳಕ್ಕೆ ಹೊಸ ನೀರು ಬಂದರೆ ಅರಿಶಿನ ಕುಂಕುಮ ಏರಿಸಿ, ಒಂದು ತಂಬಿಗೆ ನೀರು ತಂದು ದೇವರ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ಮರುದಿನ ಬೆಳಿಗ್ಗೆ ಅತ್ತೆ ಹೋಗಿ ಬಂದರು, ಮುಖದಲ್ಲಿ ಸಂಭ್ರಮ. "ಗುಡ್ಡದ ಕಡೆ ಭಾಳ ಮಳಿ ಆಗೇತಿ ನೋಡ. ಕೆಮ್ಮಣ್ಣ ಹೆಂಗ ಕೊಚಗೊಂಡ ಬಂದೈತಿ!"

ತಂಬಿಗೆ ಇಟ್ಟು, ಅಡುಗೆಗೆ ಕೂರುವ ಮೊದಲು ಕೈ ತೊಳೆದರು. ಕೆಂಪು ಹೋಗಲಿಲ್ಲ. ಸಾಬೂನು ಹಚ್ಚಿ ತಿಕ್ಕಿದರು. ಹೋಗಲಿಲ್ಲ. ಬೆಳಕಿಗೆ ಹಿಡಿದು ಉಗುರಿನ ಸಂದಿ ನೋಡಿಕೊಂಡರು. ಮಗ್ಗದ ಮನೆಯಲ್ಲೇ ಮುದುಕಿಯಾದವರು. ಮಣ್ಣು ಯಾವುದು, ಬಣ್ಣ ಯಾವುದು ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ನಿನ್ನ ಕೈ ತೋರಸ ಬೇ."

ತೋರಿಸಿದೆ. ಅವರ ಕೈ ಪಕ್ಕದಲ್ಲಿ ಬಣ್ಣದ ಪುಡಿ ಗುಡಿಸುವ ನನ್ನ ಕೈ, ಅದೇ ಕೆಂಪು. ಅತ್ತೆ ಎದ್ದು ಹೋಗಿ ದೇವರ ಮುಂದಿನ ತಂಬಿಗೆ ತಂದು ಬಚ್ಚಲಿಗೆ ಸುರುವಿದರು.

ನೀರಿಳಿದ ಮೇಲೆ ಮೂರು ಕಡೆ ಹೊಸದಾಗಿ ವರ್ತಿ ತೋಡಿದರು. ಮೂರರಲ್ಲೂ ನಸುಗೆಂಪು. ಕೊನೆಗೆ ತಾವೇ ಉಸುಕು ದಬ್ಬಿ ಮುಚ್ಚಿ, ಖಾಲಿ ಕೊಡ ಹೊತ್ತು ಬಂದರು. ಆಮೇಲೆ ನಾನು ಕಸಬರಿಗೆ ಸವೆಯುವಷ್ಟು ಗುಡಿಸಿದೆ. ಆದರೇನು, ಹುಲ್ಲಿನಂತೆ ಮಳೆಯನ್ನು ನಿಲ್ಲಿಸಿಕೊಳ್ಳುವುದು ಫರಸಿಗೆ ಗೊತ್ತಿಲ್ಲ. ಗುಡಿಸಿ ಉಳಿದ ಚೂರುಪಾರೆಲ್ಲ ಪ್ರತಿ ಮಳೆಗೂ ನೆಟ್ಟಗೆ ಹಳ್ಳಕ್ಕೆ ಓಡುತ್ತಿತ್ತು. ಕಲ್ಲು ಕೀಳಿಸಿ ಅಂತ ನಮ್ಮ ಮನೆಯವರಿಗೆ ಹೇಳಿದರೆ, ಬಣ್ಣದ ಕೆಲಸ ಎಲ್ಲಿ ಮಾಡಲಿ ಅಂದರು.

ಬೇಳೆಗೆ ಸವುಳು ನೀರೇ ಗತಿಯಾಯಿತು. ಅತ್ತೆಗೆ ಆಗಲೇ ಹಲ್ಲು ಉದುರಿದ್ದವು. ಬೇಯದ ಬೇಳೆಯನ್ನು ಬೆರಳಿನಿಂದ ಗಂಗಾಳಕ್ಕೆ ಒತ್ತಿ ಒತ್ತಿ ಹಿಚುಕುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬದುಕಿರುವವರೆಗೂ ಅವರು ಬೈಯಲಿಲ್ಲ, ನಾನು ನೋಡುತ್ತಿದ್ದೇನೆಂದು ತಿಳಿದರೆ ಸಾಕು, ತಲೆಯೆತ್ತಿ ಹೇಳುತ್ತಿದ್ದರು: "ಇವತ್ತ ಛಲೋ ಬೆಂದೈತಿ ಬಿಡ ಬೇ."