ಮೈಕಿನಲ್ಲಿ ಕೂಗಿದ್ದು ಮನೆಯೊಳಗೆ ಬರಬಾರದು

ಊರಿಗೆಲ್ಲ ಅವನು ಮೈಕ್ ಮಾವ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗಾದರೂ ನೆನಪಿತ್ತೋ ಇಲ್ಲವೋ! ಮೂರು ಗಾಲಿಯ ಗಾಡಿ, ಅದರ ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರು, ಕೈಯಲ್ಲೊಂದು ಮೈಕು. ಬಟ್ಟೆ ಅಂಗಡಿಯ ರಿಯಾಯಿತಿ, ನಲ್ಲಿ ನೀರು ನಿಲ್ಲುವ ಸುದ್ದಿ, ಕಳೆದುಹೋದ ಮಗು, ಮಂಡಿನೋವಿನ ಎಣ್ಣೆ, ಯಾರಾದರೂ ಸತ್ತರೆ ಆ ಸುದ್ದಿ, ಹೀಗೆ ಏನು ಕೊಟ್ಟರೂ ಬೀದಿ ಬೀದಿ ಸುತ್ತಿ ಕೂಗುವುದು ಅವನ ಕೆಲಸ. ಎಂಥಾ ಗಂಟಲು ಅಂತೀರಿ! ಮಲಗಿದ್ದವರು ಎದ್ದು ಕೂರಬೇಕು. ಮಾಲು ನಿಜವೋ ಸುಳ್ಳೋ ಎಂದು ಕೇಳುವ ಪದ್ಧತಿ ಮಾತ್ರ ಅವನಿಗಿರಲಿಲ್ಲ. ಕೂಗು ಅಂದರೆ ಕೂಗಿದ, ಅಷ್ಟೇ.

ಮನೆಗೆ ಬಂದು ಕೈಕಾಲು ತೊಳೆದು ಕೂತರೆ ಮನುಷ್ಯನೇ ಬೇರೆ. ಮಗಳು ಚಿಕ್ಕವಳಿದ್ದಾಗ ಮುಖ ಬೆಳ್ಳಗಾಗುವ ಕ್ರೀಮು ಬೇಕೇ ಬೇಕು ಎಂದು ರಚ್ಚೆ ಹಿಡಿದಿದ್ದಳು. "ಲೇ ಹುಚ್ಚಿ, ಅದನ್ನ ಕೂಗಿದ್ದೇ ನಾನು ಕಣೇ! ಮೈಕಲ್ಲಿ ಕೂಗಿದ್ದು ನಮ್ಮನೆ ಒಳಗೆ ಬರಬಾರದು, ತಿಳೀತಾ?" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ. ಅಂದಿನಿಂದ ಅದು ಮನೆಯ ಕಾನೂನಾಯಿತು. ಮೈಕಿನಲ್ಲಿ ಬಂದ ಸೋಪಿಲ್ಲ, ಎಣ್ಣೆಯಿಲ್ಲ, ಪುಡಿಯಿಲ್ಲ. ಅಪ್ಪ ಮಗಳು ಇಬ್ಬರೂ ಆ ವಿಷಯದಲ್ಲಿ ಭಾರೀ ಕಟ್ಟುನಿಟ್ಟು.

ಈಗ ಆ ಮಗಳಿಗೇ ಮಗಳಿದ್ದಾಳೆ. ಅಳಿಯ ಲಾರಿ ಓಡಿಸುವವನು, ವಾರಗಟ್ಟಲೆ ರಸ್ತೆಯ ಮೇಲೇ ಇರುವವನು. ಹಾಗಾಗಿ ತಾಯಿ ಮಗು ಇರುವುದು ಮೈಕ್ ಮಾವನ ಮನೆಯಲ್ಲೇ. ಮೊಮ್ಮಗಳು ಪುಟ್ಟಿ, ಇನ್ನೂ ಶಾಲೆಗೆ ಸೇರದ ಚೋಟುದ್ದದ ಹುಡುಗಿ, ತಾತನ ಜೀವವೇ ಅವಳು.

ಹಿಂದಿನ ಬೀದಿಯ ಬೇಕರಿಯವನ ಮಗ ಗಂಟಲುಮಾರಿಯಿಂದ ಸತ್ತ. ಆ ಸುದ್ದಿಯನ್ನೂ ಮೈಕ್ ಮಾವನೇ ಕೂಗಿದ. ಹುಡುಗ ಮೊನ್ನೆ ಮೊನ್ನೆಯವರೆಗೂ ಪುಟ್ಟಿಯ ಜೊತೆ ನೀರಿನ ಟ್ಯಾಂಕಿನ ಪಕ್ಕ ಆಡುತ್ತಿದ್ದವನು. ಆರೋಗ್ಯ ಕೇಂದ್ರದವರು ಓಡೋಡಿ ಬಂದು ಲಸಿಕೆ ಶಿಬಿರ ಹಾಕಿದರು, ಮೈಕ್ ಮಾವನ ಕೈಗೆ ಒಂದು ಚೀಟಿ ಕೊಟ್ಟರು. "ಸಂಪೂರ್ಣ ಸುರಕ್ಷಿತ! ಯಾವುದೇ ಅಡ್ಡಪರಿಣಾಮವಿಲ್ಲ! ಇಂದೇ ಬನ್ನಿ!" ಅವನು ಜೀವ ಹೋಗುವ ಹಾಗೆ ಕೂಗಿದ. ಜನ ಬಾಗಿಲಿಗೆ ಬಂದು ನಿಂತರು, ಕೇಳಿದರು, ಒಳಗೆ ಹೋದರು. ಟೈಲರ್ ಅಕ್ಕ ಒಬ್ಬಳು ಕತ್ತರಿ ಕೆಳಗಿಟ್ಟು, "ಮಾವ, ಆ ಮಂಡಿ ಎಣ್ಣೆಗೂ ಅಡ್ಡಪರಿಣಾಮ ಇಲ್ಲ ಅಂದಿದ್ರಿ. ಇನ್ನೂ ಕುಂಟ್ತಿದೀನಿ ನೋಡಿ" ಎಂದಳು. ಸುತ್ತ ಇದ್ದವರು ನಕ್ಕರು. ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಮಧ್ಯಾಹ್ನ ಮನೆಗೆ ಬಂದವನೇ, "ಪುಟ್ಟೀನ ರೆಡಿ ಮಾಡು, ಚುಚ್ಚಿಸ್ಕೊಂಡು ಬರೋಣ" ಎಂದ.

ಮಗಳು ಅವನ ಮುಖವನ್ನೇ ನೋಡಿದಳು. "ಮೈಕಲ್ಲಿ ಕೂಗಿದ್ದಾ?"

"ಇದು ಹಂಗಲ್ವೇ ತಾಯಿ..."

"ಯಾವುದು ಹಂಗೆ, ಯಾವುದು ಹಂಗಲ್ಲ? ನೀನೇ ಕಲಿಸಿದ್ದಲ್ಲಪ್ಪ!" ಎಂದು ಫೋನು ತೆಗೆದು ಅದಕ್ಕೆ ಬಂದಿದ್ದ ಒಂದು ಧ್ವನಿಸಂದೇಶ ಹಾಕಿದಳು. ಯಾವಳೋ ತಾಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಲಸಿಕೆ ಹಾಕಿಸಿದ ರಾತ್ರಿಯೇ ತನ್ನ ಮಗು ಹೋಯಿತಂತೆ, ಎಲ್ಲರಿಗೂ ಕಳಿಸಿ ಎಂದು ಬೇಡಿಕೊಳ್ಳುತ್ತಿದ್ದಳು.

ಮೈಕ್ ಮಾವ ಕಿವಿಗೊಟ್ಟು ಕೇಳಿದ. "ಬರೆದುಕೊಟ್ಟದ್ದನ್ನ ಓದ್ತಿದಾಳೆ ಕಣೇ. ಸಾಲು ಮುಗಿದ ಕಡೆ ಮಾತ್ರ ಅಳ್ತಾಳೆ, ಮಧ್ಯೆ ಒಂದು ಸಲಾನೂ ಉಸಿರು ತಪ್ಪಲ್ಲ. ಇವಳೂ ನನ್ನಂಥವಳೇ."

"ನಿನ್ನಂಥವಳು ಅಂದ್ರೆ ನಿನ್ನನ್ನ ಯಾಕೆ ನಂಬಲಿ?"

ಆಗ ಅವನಿಗೆ ರೇಗಿತು. ರೇಗಿದಾಗ ಹೊರಟದ್ದು ಮೈಕಿನ ಗಂಟಲೇ. ಗೋಡೆ ಅದುರುವಂತೆ ಅರಚಿದ. ಪುಟ್ಟಿ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಳು. ಮಗಳು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. "ನಾಳೆ ಅತ್ತೆ ಮನೆಗೆ ಹೋಗ್ತೀವಿ. ಅಲ್ಲಿ ಯಾರೂ ಚುಚ್ಚೋಕೆ ಬರಲ್ಲ." ಅತ್ತೆಯ ಮನೆ ಎಲ್ಲೋ ಮೂಲೆಯಲ್ಲಿತ್ತು, ಮಗುವಿಗೆ ಗಂಟಲು ಕಟ್ಟಿದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಮೈಕ್ ಮಾವ ಸೀದಾ ಶಿಬಿರಕ್ಕೆ ಹೋದ. ನರ್ಸಮ್ಮ ಖಾಲಿ ಬೆಂಚುಗಳ ಎದುರು ಕೂತಿದ್ದಳು.

"ಏನೂ ಆಗಲ್ಲ ಅಂತ ಬರೆದುಕೊಟ್ರಲ್ಲ, ನಿಜಾನಾ?"

ಅವಳು ಆಚೀಚೆ ನೋಡಿದಳು. "ಜ್ವರ ಬರತ್ತೆ ಮಾವ, ಸುಮಾರು ಮಕ್ಕಳಿಗೆ. ಚುಚ್ಚಿದ ಜಾಗ ಊದ್ಕೊಳತ್ತೆ, ನೋವಿರತ್ತೆ. ಬಹಳ ಅಪರೂಪಕ್ಕೆ ಉಸಿರಾಟದ ತೊಂದರೆ ಆಗಬಹುದು. ಅದಕ್ಕೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ನಮ್ಮ ಕಣ್ಣೆದುರೇ ಕೂರಿಸ್ಕೋತೀವಿ. ಔಷಧಿ ಕೈಯಲ್ಲೇ ಇರತ್ತೆ."

"ಮತ್ತೆ ಇದನ್ನ ಯಾಕೆ ಬರೀಲಿಲ್ಲ?"

"ಬರೆದ್ರೆ ಜನ ಹೆದರ್ಕೋತಾರೆ ಅಂದ್ರು ಮೇಲಿನವರು."

"ಬರೀದೇ ಇದ್ದದ್ದಕ್ಕೆ ಜನ ಮುಗಿಬಿದ್ದಿದಾರಲ್ಲ, ನೋಡಿ!" ಎಂದು ಖಾಲಿ ಬೆಂಚು ತೋರಿಸಿ ಹೊರಟುಬಂದ.

ಮಗಳು ಇನ್ನೂ ಚೀಲದ ಮುಂದೆಯೇ ಕೂತಿದ್ದಳು. ಅವನು ನೆಲದ ಮೇಲೆ ಕುಳಿತ. ಮಾತು ಮೆಲ್ಲಗೆ ತರುವುದು ಅವನಿಗೆ ಕಷ್ಟವೇ ಆಯಿತು.

"ಜ್ವರ ಬರಬಹುದಂತೆ. ತೊಡೆ ಊದಬಹುದು. ಅಳ್ತಾಳೆ, ನಿದ್ದೆ ಕೊಡಲ್ಲ. ಲಕ್ಷಕ್ಕೊಬ್ಬರಿಗೋ ಇನ್ನೂ ಅಪರೂಪವೋ, ಉಸಿರು ಕಟ್ಟೋದೂ ಉಂಟಂತೆ."

ಮಗಳು ತಲೆಯೆತ್ತಿದಳು. ಹುಟ್ಟಿದಾಗಿನಿಂದ ಅಪ್ಪ ತಾನು ಕೂಗುವ ಮಾಲಿನ ಒಂದು ಕೊರತೆಯನ್ನೂ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಒಂದೋ ಬೀದಿಯಲ್ಲಿ ಅದು ಅಮೃತ, ಇಲ್ಲವೇ ಮನೆಗೆ ಬಂದ ಮೇಲೆ ಬರೀ ಮೋಸ.

"ಹಂಗಾದ್ರೆ ಗ್ಯಾರಂಟಿ ಇಲ್ಲ."

"ಇಲ್ಲ ಮಗಳೇ. ಆ ಬೇಕರಿ ಹುಡುಗನ್ನ ನೋಡಕ್ಕೆ ನಾನು ಆಸ್ಪತ್ರೆಗೆ ಹೋಗಿದ್ದೆ. ನೀರು ನುಂಗಕ್ಕಾಗದೆ ಒದ್ದಾಡ್ತಿದ್ದ. ನಂಗೆ ಭಯ ಆಗ್ತಿದೆ ಕಣೇ. ಸೂಜೀನೂ ಭಯ, ಆ ರೋಗಾನೂ ಭಯ. ಅದು ಹೆಚ್ಚು."

ಮಗಳು ಎದ್ದಳು. ಪುಟ್ಟಿಯ ಚಪ್ಪಲಿ ಹುಡುಕಿದಳು.

ಸಂಜೆಯಾಗುವಷ್ಟರಲ್ಲಿ ಪುಟ್ಟಿಯ ಮೈ ಕಾದ ಹಂಚಿನಂತಾಯಿತು. ಸುದ್ದಿ ಹೇಗೆ ಹಬ್ಬಿತೋ, ಕಿಟಕಿಯ ಹೊರಗೆ ತಲೆಗಳು ಕಾಣಿಸಿಕೊಂಡವು. "ಚುಚ್ಚಿಸಿದ್ರಂತೆ, ಮಗೂಗೆ ಸಿಕ್ಕಾಪಟ್ಟೆ ಜ್ವರವಂತೆ" ಎಂಬ ಪಿಸುಮಾತು. ನರ್ಸಮ್ಮ ಕೊಟ್ಟ ಸಿರಪ್ಪು ಕುಡಿಸಿದರು, ಒದ್ದೆ ಬಟ್ಟೆ ಹಾಕಿದರು. ಮಗಳು ಅವನನ್ನು ಬೈಯಲಿಲ್ಲ. ಮಗುವಿಗೇನಾದರೂ ಆದರೆ ಇವಳು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಾನೂ ಕನ್ನಡಿಯಲ್ಲಿ ನೋಡಿಕೊಳ್ಳಲಾರ. ಹೊರಗಿನ ತಲೆಗಳೂ ಮಗುವಿಗೆ ಏನಾಗುತ್ತದೋ ಎಂದೇ ಕಾಯುತ್ತಿದ್ದವು.

ಬೆಳಗಿನ ಜಾವಕ್ಕೆ ಮಗು ಬೆವೆತಿತು. ಬೆಳಕು ಹರಿದಾಗ ಕಣ್ಣು ಬಿಟ್ಟು, "ಅಮ್ಮಾ, ಹಸಿವು" ಎಂದಿತು. ಮಗಳು ಗೋಡೆಗೊರಗಿ ಗೊಳೋ ಎಂದು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಕೈಗೊಂದು ಬಿಸ್ಕತ್ತು ಕೊಟ್ಟು, ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬೀದಿಗೆ ಬಂದಳು.

"ಬನ್ನಿ, ನೋಡಿ. ಜ್ವರ ಬಂತು, ಮೈ ಸುಡ್ತಿತ್ತು. ಇಗೋ ತೊಡೆ ಊದಿದೆ, ಮುಟ್ಟಿದ್ರೆ ಕಿರುಚ್ತಾಳೆ. ರಾತ್ರಿಯೆಲ್ಲ ನಂಗೆ ಜೀವ ಬಾಯಿಗೆ ಬಂದಿತ್ತು. ಈಗ ಬಿಸ್ಕತ್ತು ತಿಂತಿದಾಳೆ."

"ನಿಮ್ಮಪ್ಪ ಹೇಳ್ಕೊಟ್ಟಿದ್ದಾ?" ಎಂದಳು ಟೈಲರ್ ಅಕ್ಕ.

"ನಮ್ಮಪ್ಪ ಹೇಳ್ಕೊಟ್ಟಿದ್ರೆ ಇಷ್ಟು ಕೆಟ್ಟದಾಗಿ ಹೇಳ್ತಿದ್ನಾ ಅಕ್ಕ?"

ಟೈಲರ್ ಅಕ್ಕ ಪುಟ್ಟಿಯ ಹಣೆ ಮುಟ್ಟಿ ನೋಡಿದಳು, ತೊಡೆ ನೋಡಿದಳು. ತನ್ನ ಮನೆಗೆ ಹೋಗಿ ಎರಡು ಮಕ್ಕಳನ್ನೂ ಎಬ್ಬಿಸಿಕೊಂಡು ಬಂದಳು. ಅವಳ ಹಿಂದೆ ಇನ್ನೊಬ್ಬಳು ಶಿಬಿರಕ್ಕೆ ಹೊರಟಳು. ಮೈಕ್ ಮಾವ ಗಾಡಿ ತೆಗೆದ, ಇವತ್ತು ಜ್ವರವನ್ನೂ ಸೇರಿಸಿ ಕೂಗಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ.

ತಿರುವಿನಲ್ಲಿ ಬೇಕರಿಯವನು ನಿಂತಿದ್ದ. ಮಕ್ಕಳು ಸಾಲಾಗಿ ಹೋಗುವುದನ್ನೇ ನೋಡುತ್ತಿದ್ದ. ಮೈಕ್ ಮಾವ ಗಾಡಿ ನಿಲ್ಲಿಸಿದ.

"ಹೋದ ವರ್ಷದ ಲಸಿಕೆಗೂ ನೀವು ಕೂಗಿದ್ರಿ ಮಾವ, ಏನೂ ಆಗಲ್ಲ ಅಂತ," ಎಂದ ಬೇಕರಿಯವನು. "ಆಗ ಪಕ್ಕದ ಮನೆ ಮಗೂಗೆ ಚುಚ್ಚಿಸಿದ ದಿನಾನೇ ಜ್ವರ ಬಂತು. ಸುಳ್ಳು ಹೇಳ್ತಿದಾರೆ ಅಂದ್ಕೊಂಡು ನನ್ನ ಮಗನ್ನ ಕರ್ಕೊಂಡು ಬರಲಿಲ್ಲ. ಜ್ವರ ಬರತ್ತೆ ಅಂತ ಒಂದು ಮಾತು ಹೇಳಿದ್ರೆ ಬರ್ತಿದ್ದೆ."

ಮೈಕ್ ಮಾವ ಗಾಡಿಯಿಂದ ಇಳಿದು ಅವನ ಎರಡೂ ಕೈ ಹಿಡಿದುಕೊಂಡ. ಹಾಗೇ ಬೀದಿಯ ನಡುವೆ ನಿಂತು ಅತ್ತ.