ಕಣ್ಣಿಲ್ಲದ ಗಿಳಿ

ಕೊಡಿಗೇಹಳ್ಳಿಯ ವನಿತಾ ಮನೆಯಲ್ಲೇ ಕಂಪ್ಯೂಟರಿನಲ್ಲಿ ಮದುವೆ ಕಾರ್ಡುಗಳ ಡಿಸೈನ್ ಮಾಡುತ್ತಿದ್ದಳು. ಮಹಡಿಯಲ್ಲಿದ್ದ ತಮ್ಮ ವಾಸುವಿನದೂ ಅದೇ ಕಸುಬು. ಎರಡೂ ಕಂಪ್ಯೂಟರಿಗೆ ಕೇಬಲ್ ಎಳೆದ ದಿನ, ಒಡಹುಟ್ಟಿದವನಿಗೆಂಥ ಪಾಸ್‌ವರ್ಡ್ ಎಂದು ತನ್ನ ಚಿತ್ರಗಳ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಳು.

2011ರಲ್ಲಿ ಪಕ್ಕದ ಬೀದಿಯ ಶಶಿರೇಖಾ ಬಂದು, ಕುಂಕುಮವಿಟ್ಟು, ಮಗಳ ಮದುವೆಗೆ ಕರೆದರು. ಅವರು ಕೊಟ್ಟ ಕಾರ್ಡಿನಲ್ಲಿ ವನಿತಾ ಬರೆದ ಗಿಳಿಯಿತ್ತು. ಗಿಳಿಗೆ ಕಣ್ಣು ಬರೆಯುವುದು ಅವಳು ಎಲ್ಲಕ್ಕಿಂತ ಕೊನೆಗೆ ಮಾಡುವ ಕೆಲಸ. ಇದಕ್ಕಿನ್ನೂ ಬರೆದೇ ಇರಲಿಲ್ಲ. ಕೆಳಗೆ ‘ಡಿಸೈನ್: ವಾಸು’ ಎಂದು ಅಚ್ಚಾಗಿತ್ತು.

ಅವರು ಹೊರಟೊಡನೆ ಫೋಲ್ಡರಿನ ಅನುಮತಿಯಿಂದ ‘ಎಲ್ಲರೂ’ ಎಂಬುದನ್ನು ಕಿತ್ತುಹಾಕಿ, ತನ್ನ ಹೆಸರೊಂದನ್ನೇ ಉಳಿಸಿ, ಪಾಸ್‌ವರ್ಡ್ ಹಾಕಿದಳು.

ಸಂಜೆ ವಾಸು ಇಳಿದು ಬಂದ. “ಅಕ್ಕಾ, ನಿನ್ ಫೋಲ್ಡರ್ ಓಪನ್ ಆಗ್ತಿಲ್ಲ. ಕೇಬಲ್ ಹೋಗಿದ್ಯಾ?”

ವನಿತಾ ಕಾರ್ಡನ್ನು ಅವನ ಕೈಗಿಟ್ಟಳು. “ಕೇಬಲ್ ಸರಿಯಾಗೇ ಇದೆ ಕಣೋ. ಒಂದ್ ಮಾತು ಕೇಳಿದ್ರೆ ಕಣ್ಣೂ ಬರ್ದು ಕೊಡ್ತಿದ್ದೆನಲ್ಲೋ!”